ಕೊನೆಗೆ ಬಂದ ಓದುಗರು: ಬೆಳಗಾವಿ, ಖಾನಾಪುರದ ಗ್ರಂಥಾಲಯಗಳಲ್ಲಿ ಮಕ್ಕಳು

ಬೆಳಗಾವಿಯ ಗ್ರಂಥಾಲಯಕ್ಕೆ ಮುಪ್ಪಿನ ವಯಸ್ಸು. ಅದರ ಮಕ್ಕಳ ವಿಭಾಗಕ್ಕೆ ಇನ್ನೂ ಹಾಲುಹಲ್ಲು. 1848ರಲ್ಲಿಯೇ ಈ ಊರಿನಲ್ಲಿ ‘ನೇಟಿವ್ ಜನರಲ್ ಲೈಬ್ರರಿ’ ಹುಟ್ಟಿತ್ತು. ಇಂದಿನ ಸಾರ್ವಜನಿಕ ವಾಚನಾಲಯದ ಮೂಲ ಅದೇ. ಮುಂಬಯಿ ಇಲಾಖೆಯ ದೊಡ್ಡ ಊರುಗಳಲ್ಲೆಲ್ಲ ಆಗ ಇಂಥ ಗ್ರಂಥಾಲಯಗಳು ತಲೆಯೆತ್ತುತ್ತಿದ್ದವು. ರತ್ನಾಗಿರಿಯದು 1828ರದು, ಪುಣೆಯದು ನಮ್ಮದೇ ವರ್ಷದ್ದು, ಕೊಲ್ಹಾಪುರದ್ದು 1850ರದು. ಹೆಸರಿನಲ್ಲಿ ‘ಜನರಲ್’ ಎಂದಿದ್ದರೂ ಇವು ಚಂದಾ ಕೊಡುವವರ ಗ್ರಂಥಾಲಯಗಳು. ಕಚೇರಿಯ ಕಾರಕೂನ, ವಕೀಲ, ಶಾಲೆಯ ಮಾಸ್ತರ, ಊರಿನ ಸಾಹುಕಾರ, ಇವರು ಸಂಜೆ ಬಂದು ಪತ್ರಿಕೆ ಓದಿ ಚರ್ಚೆ ಮಾಡಿ ಮನೆಗೆ ಹೋಗುವ ಜಾಗ. ಮಕ್ಕಳನ್ನು ಯಾರೂ ಬೇಡ ಅನ್ನಲಿಲ್ಲ. ಮಕ್ಕಳು ಬರಬಹುದು ಎಂಬುದೇ ಯಾರಿಗೂ ಹೊಳೆದಿರಲಿಲ್ಲ.

ಅದಕ್ಕೆ ಗ್ರಂಥಾಲಯ ಕಟ್ಟಿದವರನ್ನು ದೂರುವುದು ನ್ಯಾಯವಲ್ಲ. ಬಂದಿದ್ದರೂ ಆ ಮಕ್ಕಳ ಕೈಗೆ ಕೊಡಲು ಆಗ ಏನಿತ್ತು? ಡೆಪ್ಯುಟಿ ಚನ್ನಬಸಪ್ಪನವರಂಥವರು ಈ ಭಾಗದಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿ ನಿಲ್ಲಿಸುತ್ತಿದ್ದ ಕಾಲ ಅದು. ಅವರು 1865ರಲ್ಲಿ ಹೊರಡಿಸಿದ ‘ಮಠಪತ್ರಿಕೆ’ ಕೂಡ ಮುಖ್ಯವಾಗಿ ಮಾಸ್ತರರಿಗಾಗಿ ಇದ್ದದ್ದು. ಇಂದಿನ ‘ಜೀವನ ಶಿಕ್ಷಣ’ ಮಾಸಪತ್ರಿಕೆ ತನ್ನ ಬೇರನ್ನು ಅಲ್ಲಿಗೇ ಒಯ್ಯುತ್ತದೆ. ಮಗುವಿಗೆ ಪಾಠಪುಸ್ತಕ, ಅಜ್ಜಿಯ ಕಥೆ, ಬೀಸುಕಲ್ಲಿನ ಪದ, ಇಷ್ಟೇ. ಪಾಠದ ಹಂಗಿಲ್ಲದೆ ಖುಷಿಗಾಗಿ ಓದುವ ಕನ್ನಡ ಪುಸ್ತಕ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದೂ ಹೆಚ್ಚಾಗಿ ಕರಾವಳಿಯ ಕಡೆಯಿಂದ, ಪಂಜೆ ಮಂಗೇಶರಾಯರಿಂದ. ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರದು. ನಮ್ಮ ಜಿಲ್ಲೆಯೇನು ಹಿಂದೆ ಬೀಳಲಿಲ್ಲ. ಗೋಕಾಕ ತಾಲ್ಲೂಕಿನ ಬೆಟಗೇರಿಯ ಆನಂದಕಂದರು ಹಳ್ಳಿಯ ನುಡಿಯನ್ನು ಅಚ್ಚಿಗೆ ತಂದರು, ಡಿ.ಎಸ್. ಕರ್ಕಿಯವರು ಮಕ್ಕಳಿಗಾಗಿಯೇ ‘ತನನ ತೋಂ’ ಬರೆದರು. ಆದರೆ ಬರೆದದ್ದು ಮಗುವಿನ ಕೈ ಮುಟ್ಟುವ ದಾರಿ ಎಂದರೆ ಪಾಠಪುಸ್ತಕ ಒಂದೇ ಆಗಿತ್ತು.

ದಾರಿ ಗೊತ್ತಿಲ್ಲ ಎಂದಲ್ಲ. ಬಡೋದೆಯ ಸಯಾಜಿರಾವ ಗಾಯಕವಾಡರು 1910ರಲ್ಲಿಯೇ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ ಸಂಸ್ಥಾನದ ತುಂಬ ಉಚಿತ ಗ್ರಂಥಾಲಯಗಳ ಜಾಲ ಹೆಣೆಸಿದ್ದರು. ಅಲ್ಲಿಯ ಕೇಂದ್ರ ಗ್ರಂಥಾಲಯದಲ್ಲಿ ಮಕ್ಕಳಿಗೆ ಪ್ರತ್ಯೇಕ ಕೋಣೆಯಿತ್ತು. ಹಳ್ಳಿಗಳಿಗೆ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಪುಸ್ತಕ ಹೋಗುತ್ತಿದ್ದವು. ಬಡೋದೆಯ ಆ ಪೆಟ್ಟಿಗೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಖಾನಾಪುರದ ಮಳೆಯ ಮಾತು ಬಂದಾಗ ಅವು ಬೇಕಾಗುತ್ತವೆ.

ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಒಂಬತ್ತು ವರ್ಷಕ್ಕೆ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. 1966ರ ನವೆಂಬರ್ 1ರಂದು ಜಾರಿಯಾಯಿತು. ಎಸ್.ಆರ್. ರಂಗನಾಥನ್ ಅವರು ಜೀವಮಾನವೆಲ್ಲ ಪ್ರತಿಪಾದಿಸಿದ ವಿಚಾರವೇ ಅದರ ಬೆನ್ನೆಲುಬು: ಗ್ರಂಥಾಲಯ ದಾನದ ಮೇಲೆ ನಡೆಯಬಾರದು, ತೆರಿಗೆಯ ಮೇಲೆ ನಡೆಯಬೇಕು. ಅದಕ್ಕೇ ಗ್ರಂಥಾಲಯ ಕರ. ನಮ್ಮ ನಿಮ್ಮ ಮನೆಯ ಆಸ್ತಿ ತೆರಿಗೆಯ ಜೊತೆಗೆ ಇಂದಿಗೂ ಶೇ 6ರಷ್ಟು ಈ ಬಾಬತ್ತಿಗೆ ಹೋಗುತ್ತದೆ. ರಸೀದಿ ತೆಗೆದು ನೋಡಿದರೆ ಕಾಣುತ್ತದೆ, ನೋಡುವವರು ಕಡಿಮೆ. ಮಹಾರಾಷ್ಟ್ರ ಎರಡು ವರ್ಷದ ನಂತರ, 1967ರಲ್ಲಿ, ತನ್ನ ಕಾಯಿದೆ ಮಾಡಿತು. ಅಲ್ಲಿ ಕರವಿಲ್ಲ. ಜನ ಕಟ್ಟಿದ ವಾಚನಾಲಯಗಳಿಗೆ ಸರಕಾರ ಅನುದಾನ ಕೊಡುವ ಪದ್ಧತಿ.

ಗಡಿಯ ಊರಾದ ಬೆಳಗಾವಿಗೆ ಈ ಎರಡೂ ಪದ್ಧತಿಗಳ ಪರಿಚಯವಿದೆ. ಒಂದು ಕಡೆ ಹಳೆಯ ಸಂಘದ ಸಂಪ್ರದಾಯ. ಪದಾಧಿಕಾರಿಗಳು, ವಾರ್ಷಿಕ ಸಭೆ, ವ್ಯಾಖ್ಯಾನಮಾಲೆ. ಸಾರ್ವಜನಿಕ ವಾಚನಾಲಯ ಬ್ಯಾರಿಸ್ಟರ್ ನಾಥ ಪೈ ಅವರ ಹೆಸರಿನಲ್ಲಿ ನಡೆಸಿಕೊಂಡು ಬಂದ ಉಪನ್ಯಾಸಗಳಿಗೆ ಊರಿನ ಮರಾಠಿ ಓದುಗರು ಕಾಯುತ್ತಿದ್ದರು. ಇನ್ನೊಂದು ಕಡೆ ಸರಕಾರದ ನಗರ ಕೇಂದ್ರ ಗ್ರಂಥಾಲಯ, ಜಿಲ್ಲಾ ಕೇಂದ್ರ ಗ್ರಂಥಾಲಯ, ತಾಲ್ಲೂಕಿನ ಶಾಖೆಗಳು. ಸಂಘದಲ್ಲಿ ಜನರ ಓಡಾಟ ಹೆಚ್ಚು, ಬಾಗಿಲು ಕಿರಿದು. ಸರಕಾರದ್ದು ಬಾಗಿಲು ಅಗಲ, ಆದರೆ ಒಳಗೆ ಬಂದವನನ್ನು ಮಾತಾಡಿಸುವವರಿಲ್ಲ. ಮಕ್ಕಳ ಮಟ್ಟಿಗೆ ಇವೆರಡರ ಒಳ್ಳೆಯ ಗುಣ ಒಂದೇ ಕಡೆ ಸೇರಲು ಐವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು ಎಂಬುದು ನನ್ನ ಎಣಿಕೆ.

ಸಂಘದ ಸಂಪ್ರದಾಯದಿಂದ ಕಲಿಯಬೇಕಾದದ್ದು ಒಂದಿದೆ. ಕಡೋಲಿ, ಉಚಗಾಂವ, ಯಳ್ಳೂರಿನಂಥ ಊರುಗಳಲ್ಲಿ ಸುಗ್ಗಿ ಮುಗಿದ ಚಳಿಗಾಲದಲ್ಲಿ ಮರಾಠಿ ಗ್ರಾಮೀಣ ಸಾಹಿತ್ಯ ಸಮ್ಮೇಳನಗಳು ನಡೆಯುತ್ತವೆ. ಅವುಗಳ ಮೊದಲ ಕಾರ್ಯಕ್ರಮ ಗ್ರಂಥದಿಂಡಿ. ಪಲ್ಲಕ್ಕಿಯಲ್ಲಿ ಪುಸ್ತಕ ಇಟ್ಟು, ತಾಳ ಹಾಕುತ್ತ, ಶಾಲೆಯ ಮಕ್ಕಳು ಓಣಿಓಣಿ ಸುತ್ತುತ್ತಾರೆ. ಭಾಷೆಯ ರಾಜಕೀಯ ಏನೇ ಇರಲಿ, ಪುಸ್ತಕಕ್ಕೆ ಮೆರವಣಿಗೆ ಮಾಡುವ ಊರು ದೊಡ್ಡದು. ಕನ್ನಡದವರು ರಾಜ್ಯೋತ್ಸವದ ದಿನ ಚನ್ನಮ್ಮ ವೃತ್ತದ ಸುತ್ತ ಮಾಡುವ ಅದ್ದೂರಿ ನಾಡಿಗೇ ಗೊತ್ತು. ಆ ಮೆರವಣಿಗೆಯಲ್ಲಿ ಒಂದು ರೂಪಕ ಪುಸ್ತಕದ್ದೂ ಇದ್ದರೆ ಡಿಜೆಯ ಸದ್ದಿಗೇನೂ ಕೊರತೆಯಾಗುವುದಿಲ್ಲ.

ಸರಕಾರಿ ಗ್ರಂಥಾಲಯದ ಮಕ್ಕಳ ಕಪಾಟು ಬಹಳ ಕಾಲ ಹೇಗಿತ್ತು ಎಂಬುದು ಐವತ್ತು ದಾಟಿದವರಿಗೆ ನೆನಪಿರುತ್ತದೆ. ‘ಚಂದಮಾಮ’ ಇದ್ದೇ ಇರುತ್ತಿತ್ತು. ಮದ್ರಾಸಿನ ನಾಗಿರೆಡ್ಡಿ, ಚಕ್ರಪಾಣಿಯವರ ಆ ಪತ್ರಿಕೆ 1949ರಲ್ಲಿ ಕನ್ನಡಕ್ಕೆ, 1952ರಲ್ಲಿ ‘ಚಾಂದೋಬಾ’ ಎಂದು ಮರಾಠಿಗೆ ಬಂತು. ಬೆಳಗಾವಿಯ ಅಕ್ಕಪಕ್ಕದ ಎರಡು ಮನೆಗಳಲ್ಲಿ ಎರಡು ಲಿಪಿಗಳಲ್ಲಿ ಅದೇ ಬೇತಾಳ ಅದೇ ವಿಕ್ರಮನ ಹೆಗಲೇರುತ್ತಿದ್ದ. ಅಮರ ಚಿತ್ರಕಥೆ ಮೊದಲು ಅಚ್ಚಾದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಎಂಬುದು ಇಂದಿನ ಮಕ್ಕಳಿಗಿರಲಿ, ಅವರ ಅಪ್ಪಂದಿರಿಗೂ ಗೊತ್ತಿಲ್ಲ. ಎಪ್ಪತ್ತರ ದಶಕದಲ್ಲಿ ಎರಡು ದೊಡ್ಡ ಕೆಲಸಗಳಾದವು. ನಿರಂಜನರ ಸಂಪಾದಕತ್ವದ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಏಳು ಸಂಪುಟಗಳಲ್ಲಿ ಬಂತು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ ಮಾಲೆಯ 510 ಕಿರುಪುಸ್ತಕಗಳು ಬಂದವು. ಬೆರಳೆರಡರಷ್ಟು ಅಗಲದ ಜಾಗದಲ್ಲಿ ಹತ್ತಾರು ಮಹಾಪುರುಷರು ಹಿಡಿಸುತ್ತಿದ್ದ ಆ ಮಾಲೆ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿ ಶಾಲೆಗಳ ಏಕೈಕ ಗ್ರಂಥಾಲಯವಾಗಿತ್ತು. 1972ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಿಂದಲೂ ಪುಸ್ತಕ ಬರತೊಡಗಿದವು. ಮಕ್ಕಳ ವಿಭಾಗಕ್ಕೆಂದೇ ಅದರದು ಒಂದು ನೆರವಿನ ಯೋಜನೆಯಿದೆ.

ಹಾಗಾದರೆ ಪುಸ್ತಕ ಇತ್ತು. ಮಕ್ಕಳೇಕೆ ಬರಲಿಲ್ಲ?

ಇದಕ್ಕೆ ಉತ್ತರ ಕಪಾಟಿನ ಬೀಗದಲ್ಲಿದೆ. ಗ್ರಂಥಾಲಯದ ಪ್ರತಿ ಪುಸ್ತಕಕ್ಕೂ ದಾಖಲೆ ರಿಜಿಸ್ಟರಿನಲ್ಲಿ ಒಂದು ಸಂಖ್ಯೆ. ವರ್ಷಕ್ಕೊಮ್ಮೆ ಎಣಿಕೆ. ಕಳೆದರೆ ಯಾರನ್ನು ಕೇಳುತ್ತಾರೆ? ಅತ್ಯಲ್ಪ ಗೌರವಧನದ ಮೇಲೆ ದುಡಿಯುತ್ತಿದ್ದ ಮೇಲ್ವಿಚಾರಕ, ಒಂದು ಚಿತ್ರಪುಸ್ತಕ ಹರಿದು ಬಂದರೆ ತನ್ನ ಕಿಸೆಯಿಂದ ತುಂಬಬೇಕಾದೀತೆಂದು ಹೆದರಿದರೆ ಅದು ಅವನ ತಪ್ಪಲ್ಲ. ಬೀಗ ಹಾಕಿದ ಪುಸ್ತಕ ಎಂದೂ ಕಳೆಯುವುದಿಲ್ಲ, ಎಣಿಕೆಯಲ್ಲಿ ಸರಿಹೋಗುತ್ತದೆ. ಮಕ್ಕಳ ಪುಸ್ತಕದ ಗುಣವೋ ತದ್ವಿರುದ್ಧ. ಹದಿನಾರು, ಇಪ್ಪತ್ನಾಲ್ಕು ಪುಟದ, ನಡುವೆ ಪಿನ್ ಹೊಡೆದ ಪುಸ್ತಕ ಅದು. ಬೆನ್ನಿಲ್ಲದ್ದರಿಂದ ಸಾಲಿನಲ್ಲಿ ನಿಲ್ಲಿಸಿದರೆ ಹೆಸರೇ ಕಾಣುವುದಿಲ್ಲ. ಹತ್ತು ಮಕ್ಕಳು ಚೆನ್ನಾಗಿ ಓದಿದರೆ ಮುಖಪುಟ ಕಳಚುತ್ತದೆ, ನಲವತ್ತು ಮಕ್ಕಳು ಓದಿದರೆ ಪುಸ್ತಕವೇ ಮುಗಿಯುತ್ತದೆ. ಹಾಗೆ ಮುಗಿಯುವುದೇ ಅದರ ಸಾರ್ಥಕ್ಯ, ಆದರೆ ರಿಜಿಸ್ಟರಿನಲ್ಲಿ ಆ ಸಾರ್ಥಕ್ಯಕ್ಕೆ ಕಾಲಂ ಇಲ್ಲ. ಸದಸ್ಯತ್ವಕ್ಕೆ ಠೇವಣಿ, ಜಾಮೀನು, ಹಿರಿಯರ ಸಹಿ. ಇವೆಲ್ಲ ದಾಟಿ ಬಂದ ಮಗುವಿಗೆ ಓದುವ ಕೋಣೆಯಲ್ಲಿ ‘ಗದ್ದಲ ಮಾಡಬಾರದು’ ಎಂಬ ಫಲಕ.

ಈಗಲೂ ನಗರದಲ್ಲಿ ಈ ಕಷ್ಟ ಪೂರ್ತಿ ಹೋಗಿಲ್ಲ. ಬೆಳಗಾವಿಯ ಗ್ರಂಥಾಲಯಗಳ ಕುರ್ಚಿಗಳನ್ನು ಬೆಳಗಿನಿಂದ ಹಿಡಿದು ಕೂರುವವರು ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗ ಹುಡುಗಿಯರು. ಕೆಪಿಎಸ್‌ಸಿ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆ. ಊರಿನಲ್ಲಿ ರವೀಂದ್ರ ಕೌಶಿಕ ಅವರ ಹೆಸರಿನ ಇ-ಗ್ರಂಥಾಲಯ ಆದಾಗ ತುಂಬಿದ್ದೂ ಮುಖ್ಯವಾಗಿ ಅವರಿಂದಲೇ. ಅವರಿಗೆ ಜಾಗ ಬೇಕು, ಸಿಗಲಿ. ಬಡ ಮನೆಯ ಹುಡುಗನಿಗೆ ಫ್ಯಾನಿನ ಕೆಳಗೆ ಒಂದು ಮೇಜು ಸಿಗುವುದು ಸಣ್ಣ ಮಾತಲ್ಲ. ಆದರೆ ಅವರಿಗೆ ಬೇಕಾದದ್ದು ಮೌನ, ಮಗುವಿಗೆ ಬೇಕಾದದ್ದು ಗಟ್ಟಿಯಾಗಿ ಓದುವ, ನಗುವ, ನೆಲದ ಮೇಲೆ ಹೊರಳುವ ಸ್ವಾತಂತ್ರ್ಯ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಸೋಲುವುದು ಮಗುವೇ. ಮಕ್ಕಳ ವಿಭಾಗಕ್ಕೆ ಬೇರೆ ಬಾಗಿಲು ಇಲ್ಲದ ಕಡೆ ಮಕ್ಕಳ ವಿಭಾಗ ಇದೆ ಎಂದು ವರದಿಯಲ್ಲಿ ಬರೆಯಬಾರದು ಎಂಬಷ್ಟು ನನಗೆ ಇದು ಖಚಿತ.

ತಿರುವು ಬಂದದ್ದು ನಗರದಿಂದಲ್ಲ, ಹಳ್ಳಿಯಿಂದ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರು ವರ್ಷ ಕೊರೊನಾ. ಶಾಲೆ ಮುಚ್ಚಿತು, ಮೊಬೈಲ್ ಇಲ್ಲದ ಮಗುವಿಗೆ ಪಾಠವೂ ಮುಚ್ಚಿತು. ಹಳ್ಳಿಯಲ್ಲಿ ಅಕ್ಷರ ಇದ್ದ ಒಂದೇ ತೆರೆದ ಕೋಣೆ ಎಂದರೆ ಪಂಚಾಯಿತಿಯ ಗ್ರಂಥಾಲಯ. 2020ರ ಮಕ್ಕಳ ದಿನಾಚರಣೆಯ ಹೊತ್ತಿಗೆ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಆಗ ಇಲಾಖೆಯಲ್ಲಿದ್ದ ಉಮಾ ಮಹಾದೇವನ್ ಅವರು ಇದರ ಹಿಂದಿನ ಮುಖ್ಯ ಶಕ್ತಿ. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ, ಠೇವಣಿಯಿಲ್ಲ, ಶುಲ್ಕವಿಲ್ಲ. ‘ಪುಸ್ತಕ ಜೋಳಿಗೆ’ ಎಂದು ಊರವರಿಂದ ಪುಸ್ತಕ ದಾನ ಪಡೆಯುವ ಅಭಿಯಾನ. ರಾಜ್ಯದಲ್ಲಿ ಲಕ್ಷಗಟ್ಟಲೆ ಮಕ್ಕಳು ಸದಸ್ಯರಾದರು. ಈಗ ಆ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರು.

ಅಂಕಿಗಿಂತ ನನಗೆ ದೊಡ್ಡದಾಗಿ ಕಂಡದ್ದು ಅಲ್ಲಿ ಶುರುವಾದ ಚಟುವಟಿಕೆಗಳು. ‘ಗಟ್ಟಿ ಓದು’ ಎಂದರೆ ಒಬ್ಬರು ಓದಿ ಎಲ್ಲರೂ ಕೇಳುವುದು. ಗದ್ದಲ ಮಾಡಬಾರದು ಎಂಬ ಫಲಕವನ್ನು ಸರಕಾರವೇ ತೆಗೆದು ಹಾಕಿದ ಹಾಗಾಯಿತು. ಇನ್ನೊಂದು ‘ಅಮ್ಮನಿಗಾಗಿ ಒಂದು ಪುಸ್ತಕ’. ಮಗು ತನಗಷ್ಟೇ ಅಲ್ಲ, ತಾಯಿಗೂ ಒಂದು ಪುಸ್ತಕ ಒಯ್ಯಬೇಕು. ಓದು ಬರದ ತಾಯಿಗೆ ಮಗುವೇ ಓದಿ ಹೇಳುತ್ತದೆ. ಗ್ರಂಥಾಲಯದ ಹೊಸ್ತಿಲನ್ನು ಎಂದೂ ತುಳಿಯದ ಹೆಣ್ಣುಮಕ್ಕಳ ಅಡುಗೆಮನೆಗೆ ಪುಸ್ತಕ ಹೋಗುವ ಇಷ್ಟು ಅಗ್ಗದ ಉಪಾಯ 1848ರಿಂದ ಈಚೆಗೆ ಬೇರೊಂದು ಹೊಳೆದಿರಲಿಲ್ಲ.

ಇನ್ನು ಖಾನಾಪುರ. ಬೆಳಗಾವಿಯಿಂದ ಇಪ್ಪತ್ತಾರು ಕಿಲೋಮೀಟರ್. ಆದರೆ ಗ್ರಂಥಾಲಯದ ಮಾತಿನಲ್ಲಿ ಅದು ಬೇರೆಯೇ ಲೋಕ. ತಾಲ್ಲೂಕಿನ ಪೂರ್ವಕ್ಕೆ ಇಟಗಿ, ಪಾರಿಶ್ವಾಡ, ಕಕ್ಕೇರಿ, ಬೀಡಿ. ಬಯಲಿನ ಕನ್ನಡ ಸೀಮೆ. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ, ಗುಂಜಿ, ಲೋಂಡಾ. ಸಹ್ಯಾದ್ರಿಯ ಕಾಡು, ಮರಾಠಿ ಮಾತು, ಗೋವೆಯ ಗಾಳಿ, ಕೊಂಕಣಿ. ಕಾಡಿನ ಅಂಚಿಗೆ ಗೌಳಿಗರ ವಾಡೆಗಳು. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಪಟ್ಟಣದಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಕೂಗಳತೆಯಲ್ಲಿವೆ.

ರಾಜ್ಯದ ಎಲ್ಲೆಡೆ ಮಕ್ಕಳ ಗ್ರಂಥಾಲಯದ ಋತು ಎಂದರೆ ಬೇಸಿಗೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ, ಆಗ ಶಿಬಿರ. ಪಂಚಾಯತ್ ರಾಜ್ ಇಲಾಖೆಯೂ ಅರಿವು ಕೇಂದ್ರಗಳಲ್ಲಿ ಬೇಸಿಗೆ ಶಿಬಿರಗಳನ್ನು ನಡೆಸಿತು. ಚಿತ್ರ, ಹಾಡು, ಕಾಗದದ ಕೆಲಸ, ಕಥೆ ಹೇಳುವುದು, ಚೆಸ್ಸು. ಬೆಳಗಾವಿ ನಗರಕ್ಕೆ ಇದು ಸರಿಯಾದ ಕಾಲ. ಊರಿಗೆ ಹೋಗದ ಮಕ್ಕಳು ಬಿಸಿಲಿಗೆ ಹೊರಬೀಳಲಾಗದೆ ಮನೆಯಲ್ಲಿ ಮೊಬೈಲ್ ತಿಕ್ಕುತ್ತ ಕೂತಿರುತ್ತಾರೆ. ಖಾನಾಪುರದ ಕಾಡಂಚಿನ ಮಗು ಆ ಹೊತ್ತಿಗೆ ಎಲ್ಲಿರುತ್ತದೆ? ಗೇರುಹಣ್ಣು, ಕರವಂದ, ಹಲಸು, ನೇರಳೆಗಳ ಹಿಂದೆ. ಇಲ್ಲವೆ ಅಜ್ಜಿಯ ಊರಿನ ಜಾತ್ರೆಯಲ್ಲಿ. ಮೇ ತಿಂಗಳಲ್ಲಿ ಅದನ್ನು ಒಂದು ಕೋಣೆಗೆ ಕರೆಯುವುದು ಅದಕ್ಕೂ ಅನ್ಯಾಯ, ಪುಸ್ತಕಕ್ಕೂ ಅನ್ಯಾಯ.

ಖಾನಾಪುರದ ಓದಿನ ಋತು ಮಳೆಗಾಲ. ಜೂನ್ ಮೊದಲ ವಾರ ಮಿರಗ ಕೂಡುತ್ತದೆ, ಆಮೇಲೆ ಆರಿದ್ರ, ಪುನರ್ವಸು, ಪುಷ್ಯ. ಜುಲೈ ಹೊತ್ತಿಗೆ ಹಳ್ಳಗಳು ಸೇತುವೆ ಮೇಲೆ ಹರಿಯುತ್ತವೆ, ಹಬ್ಬನಹಟ್ಟಿಯ ಆಂಜನೇಯನ ಗುಡಿಯನ್ನು ಮಲಪ್ರಭೆ ಮುಳುಗಿಸುತ್ತದೆ, ಜಿಲ್ಲಾಡಳಿತ ಶಾಲೆಗಳಿಗೆ ರಜೆ ಸಾರುತ್ತದೆ. ಕರೆಂಟಿನ ಗ್ಯಾರಂಟಿ ಇಲ್ಲ, ನೆಟ್‌ವರ್ಕಿನದು ಕೇಳಲೇಬೇಡಿ. 2020ರಲ್ಲಿ ರಾಜ್ಯ ಆರಂಭಿಸಿದ ಡಿಜಿಟಲ್ ಗ್ರಂಥಾಲಯ ಎಷ್ಟೇ ಚೆನ್ನಾಗಿರಲಿ, ಪುಷ್ಯ ಮಳೆಯಲ್ಲಿ ಅದು ಕಾಡೊಳಗಿನ ಹಳ್ಳಿಗೆ ಇಲ್ಲದ ಹಾಗೆಯೇ. ಆಗ ಮಗು ಮನೆಯಲ್ಲಿರುತ್ತದೆ, ಅಜ್ಜಿ ಒಲೆಯ ಮುಂದೆ ಇರುತ್ತಾಳೆ, ಹೊತ್ತು ಹೋಗುವುದಿಲ್ಲ. ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಯಾವುದು? ಆದರೆ ಆ ದಿನಗಳಲ್ಲಿ ಮಗು ಪಂಚಾಯಿತಿ ಊರಿನ ತನಕ ನಡೆದು ಬರಲಾರದು. ಒಂದು ಪಂಚಾಯಿತಿಯೆಂದರೆ ಹಲವು ಹಳ್ಳಿ, ನಡುವೆ ಕಾಡು, ಹಳ್ಳ. ಅದಕ್ಕೇ ಬಡೋದೆಯ ಪೆಟ್ಟಿಗೆ. ಮಳೆ ಹಿಡಿಯುವ ಮುಂಚೆ ಪ್ರತಿ ವಾಡಿಯ ಶಾಲೆಗೋ ಅಂಗನವಾಡಿಗೋ ಮೂವತ್ತು ನಲವತ್ತು ಪುಸ್ತಕದ ಒಂದೊಂದು ತಗಡಿನ ಟ್ರಂಕು ತಲುಪಿಸಿ, ದಸರೆಯ ಹೊತ್ತಿಗೆ ವಾಪಸು ತರಿಸಿ, ಟ್ರಂಕುಗಳನ್ನು ಅದಲುಬದಲು ಮಾಡಿದರೆ ಆಯಿತು. ನೂರು ವರ್ಷದ ಹಿಂದೆ ಎತ್ತಿನ ಗಾಡಿಯಲ್ಲಿ ಆದದ್ದು ಇಂದು ಟಂಟಂನಲ್ಲಿ ಆಗದ ಕೆಲಸವೇನಲ್ಲ.

ಮಳೆ ಪುಸ್ತಕಕ್ಕೆ ವೈರಿಯೂ ಹೌದು. ಮಲೆನಾಡಿನ ಗ್ರಂಥಾಲಯದಲ್ಲಿ ಶ್ರಾವಣ ಮುಗಿಯುವುದರೊಳಗೆ ಪಿನ್ನುಗಳು ತುಕ್ಕು ಹಿಡಿದು ಹಾಳೆ ಕಂದಾಗುತ್ತದೆ, ರಟ್ಟಿನ ಮೇಲೆ ಬಿಳಿ ಬೂಸು ಬರುತ್ತದೆ, ನಯವಾದ ಆರ್ಟ್ ಕಾಗದದ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗೋಡೆಗೆ ಹಚ್ಚಿ ನಿಲ್ಲಿಸಿದ ಕಪಾಟಿಗೆ ಗೆದ್ದಲು ಹಿಂದಿನಿಂದ ಬರುತ್ತದೆ, ಮುಂದಿನಿಂದ ಕಾಣುವುದಿಲ್ಲ. ಪಿನ್ನು ತೆಗೆದು ದಾರದ ಹೊಲಿಗೆ ಹಾಕುವುದು, ಕಪಾಟನ್ನು ಗೋಡೆಯಿಂದ ಗೇಣು ದೂರ ಇಡುವುದು, ಬಿಸಿಲು ಬಿದ್ದ ದಿನ ಕಿಟಕಿ ತೆರೆಯುವುದು. ಇವು ಯಾವ ಯೋಜನೆಯ ಹೆಸರೂ ಇಲ್ಲದ ಕೆಲಸಗಳು. ಆದರೆ ಒಳ್ಳೆಯ ರಕ್ಷಣೆ ಬೇರೆಯೇ ಇದೆ. ಕೈಯಿಂದ ಕೈಗೆ ಓಡಾಡುವ ಪುಸ್ತಕಕ್ಕೆ ಬೂಸು ಹಿಡಿಯಲು ಪುರುಸೊತ್ತೇ ಸಿಗುವುದಿಲ್ಲ. ಚಿತ್ರಪುಸ್ತಕಗಳನ್ನು ಕಪಾಟಿನಲ್ಲಿ ತುರುಕದೆ, ಕೋಣೆಗೆ ಅಡ್ಡವಾಗಿ ಹಗ್ಗ ಕಟ್ಟಿ, ಅರಿವೆ ಹಾಕಿದಂತೆ ತೂಗುಹಾಕುವ ಪದ್ಧತಿ ಹಲವು ಶಾಲೆಗಳಲ್ಲಿ ಬಂದಿದೆ. ಮುಖಪುಟ ಕಾಣುತ್ತದೆ, ಗಾಳಿಯೂ ಆಡುತ್ತದೆ.

ಹಬ್ಬಗಳನ್ನು ಹಿಡಿದು ಗ್ರಂಥಾಲಯದ ವರ್ಷವನ್ನು ಹೆಣೆಯುವುದು ಈ ಸೀಮೆಯಲ್ಲಿ ಬಲು ಸುಲಭ. ಕಾರಹುಣ್ಣಿವೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳ ಗುಳ್ಳವ್ವ, ಪಂಚಮಿಯ ಜೋಕಾಲಿ, ಚೌತಿಯ ಗಣಪ. ಅರ್ಧ ಹಬ್ಬಗಳು ಮಣ್ಣಿನವೇ. ಖಾನಾಪುರದ ಮಣ್ಣು ಎಂಥದು ಎಂದರೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕುಂಬಾರಿಕೆಯ ತರಬೇತಿ ಸಂಸ್ಥೆಯನ್ನು ಇಲ್ಲಿಯೇ ನಡೆಸಿಕೊಂಡು ಬಂದಿದೆ. ಹಂಚು, ಮಡಕೆ, ಹೂಜಿಗೆ ಈ ಊರು ಹೆಸರುವಾಸಿ. ತಿಗರಿಯ ಮುಂದೆ ಕೂತು ಎತ್ತು ಮಾಡಿದ ಮಗುವಿಗೆ ಎತ್ತಿನ ಕಥೆಯ ಪುಸ್ತಕ ಕೊಟ್ಟರೆ ಅದನ್ನು ಓದು ಎಂದು ಹೇಳಬೇಕಾಗುವುದಿಲ್ಲ. ದೀಪಾವಳಿಗೆ ಬೆಳಗಾವಿಯ ಓಣಿಗಳಲ್ಲಿ ಮಕ್ಕಳು ಕಲ್ಲು, ಮಣ್ಣು, ಗೋಣಿಚೀಲ ಕೂಡಿಸಿ ‘ಕಿಲ್ಲಾ’ ಕಟ್ಟುತ್ತಾರೆ. ಬುರುಜು, ದಾರಿ, ಹಸಿರಿಗೆ ಮೊಳಕೆ ಬರಿಸಿದ ಸಾಸಿವೆ, ತುದಿಯಲ್ಲಿ ಶಿವಾಜಿ. ರಾಯಗಡವೋ ಪ್ರತಾಪಗಡವೋ ಎಂದು ಹುಡುಗರು ಜಗಳಾಡುವಾಗ ಕೋಟೆಗಳ ನಕಾಶೆ ಇರುವ ಪುಸ್ತಕವನ್ನು ಹಿಡಿದು ಗ್ರಂಥಪಾಲಕ ಅಲ್ಲಿಗೇ ಹೋಗಬೇಕು. ಕಿತ್ತೂರಿನದು, ಬೆಳಗಾವಿಯದೇ ಕೋಟೆಯದು ಒಂದೊಂದು ಕಿಲ್ಲಾ ಆದರೂ ಚೆಂದವೇ.

ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ 1968ರಿಂದ ನಡೆದು ಬಂದಿದೆ. ಮೊದಲ ದಿನವೇ ಮಕ್ಕಳ ದಿನ. ಹಾರ, ಭಾಷಣ, ಪುಸ್ತಕ ಪ್ರದರ್ಶನ, ಬಹುಮಾನ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರದರ್ಶನಕ್ಕೆ ಇಟ್ಟ ಪುಸ್ತಕವನ್ನು ಮಕ್ಕಳು ಮುಟ್ಟಬಾರದು ಎಂಬ ಕಟ್ಟುನಿಟ್ಟನ್ನು ಬಿಟ್ಟರೆ ಸಾಕು. ಜನವರಿಯದು ತೂಕದ ತಿಂಗಳು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡ ಈ ತಾಲ್ಲೂಕಿನದೇ. ಗಣರಾಜ್ಯದ ದಿನ ಧ್ವಜ ಏರಿಸುವ ಮಗುವಿಗೆ ಆ ತಾರೀಖಿಗೆ ತನ್ನ ನೆಲದಲ್ಲಿ ಇನ್ನೊಂದು ಅರ್ಥವಿದೆ ಎಂದು ಹೇಳಲು ಕನ್ನಡದಲ್ಲೂ ಮರಾಠಿಯಲ್ಲೂ ಒಳ್ಳೆಯ, ಚಿತ್ರವಿರುವ, ಅಬ್ಬರವಿಲ್ಲದ ಪುಸ್ತಕ ಬೇಕು.

ಅಬ್ಬರವಿಲ್ಲದ ಪುಸ್ತಕದ ಮಾತು ಬಂತು. ಕನ್ನಡ ಮಕ್ಕಳ ಸಾಹಿತ್ಯ ಈಚೆಗೆ ಎಷ್ಟು ಬದಲಾಗಿದೆ ಎಂಬುದು ನಮ್ಮ ಖರೀದಿ ಪಟ್ಟಿಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕಗಳನ್ನೇ ನೋಡಿ. ಮುಳುಗಡೆಯ ನೋವನ್ನು ಬಲ್ಲ ನಾ. ಡಿಸೋಜ, ಬಸು ಬೇವಿನಗಿಡದ ಅವರ ‘ಓಡಿಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಉಪದೇಶ ಕಡಿಮೆ, ಕಾಡು, ಹಕ್ಕಿ, ನಿಜವಾದ ಮಕ್ಕಳು ಹೆಚ್ಚು. 2022ರಲ್ಲಿ ಪುರಸ್ಕಾರ ಪಡೆದ ‘ಬಾವಲಿ ಗುಹೆ’ ಬರೆದ ಬೀಗಾರರು ನಮ್ಮ ನೆರೆಯ ಉತ್ತರ ಕನ್ನಡದ ಸಿದ್ದಾಪುರದವರು, ಮೇಷ್ಟ್ರಾಗಿದ್ದವರು. ಖಾನಾಪುರದ ಮಗುವಿಗೆ ಈ ಹೆಸರು ಕೇಳಿದರೆ ಕಿವಿ ನಿಮಿರಬೇಕು. ಯಾಕೆಂದರೆ ಭೀಮಗಡದ ಕಾಡಿನ ಬಾರಾಪೆಡೆ ಗುಹೆಗಳಲ್ಲಿ ರೌಟನ್ ಬಾವಲಿ ಎಂಬ ಅಪರೂಪದ ಬಾವಲಿಯಿದೆ. 1913ರಲ್ಲಿ ವಿಜ್ಞಾನ ಅದಕ್ಕೆ ಹೆಸರಿಟ್ಟದ್ದು ಈ ಗುಹೆಗಳಿಂದ ದೊರೆತ ಮಾದರಿಯ ಮೇಲೆ. ಬಹಳ ಕಾಲ ಲೋಕದಲ್ಲಿ ಅದರ ನೆಲೆ ಇದೊಂದೇ ಎಂದು ತಿಳಿದಿದ್ದರು. ತನ್ನ ತಾಲ್ಲೂಕಿನ ಬಾವಲಿಯ ಬಗ್ಗೆ ಅಲ್ಲಿಯ ಮಗು ಓದುವಂಥ ಒಂದು ತೆಳು ಪುಸ್ತಕವನ್ನು ಕನ್ನಡ, ಮರಾಠಿ ಎರಡರಲ್ಲೂ ಯಾರಾದರೂ ಬರೆಯಬೇಕು. ಈ ಸಂಚಿಕೆ ಓದುವ ಮಾಸ್ತರರಲ್ಲಿಯೇ ಒಬ್ಬರಿಗೆ ಆ ಶಕ್ತಿ ಇದ್ದೀತು.

ಭಾಷೆಯ ಪ್ರಶ್ನೆಯನ್ನು ದಾಟಿ ಹೋಗಲಾಗದು. ಖಾನಾಪುರದ ಮರಾಠಿ ಶಾಲೆಯ ಐದನೆಯ ತರಗತಿಯ ಮಗು ಕನ್ನಡವನ್ನು ಈಗಷ್ಟೇ ಕೂಡಿಸಿ ಓದುತ್ತಿರುತ್ತದೆ. ಅದರ ಓದಿನ ಬಲಕ್ಕೆ ಹೊಂದುವ ಕನ್ನಡ ಪುಸ್ತಕ ಒಂದನೆಯ ತರಗತಿಯದು; ಆದರೆ ಹತ್ತು ವರ್ಷದ ಹುಡುಗನಿಗೆ ಬೆಕ್ಕಿನಮರಿ, ಬಲೂನಿನ ಕಥೆ ಕೊಟ್ಟರೆ ನಾಚಿಕೊಳ್ಳುತ್ತಾನೆ. ಅವನಿಗೆ ಬೇಕಾದದ್ದು ಮಾತು ಕಡಿಮೆ, ಸಂಗತಿ ದೊಡ್ಡದು ಇರುವ ಪುಸ್ತಕ. ಹಾವು, ರೈಲು, ಕ್ರಿಕೆಟ್ಟು, ಕಾಡು. ಹಾಗೆಯೇ ಎರಡು ಭಾಷೆ ಒಂದೇ ಪುಟದಲ್ಲಿ ಇರುವ ಪುಸ್ತಕ. ಬೆಂಗಳೂರಿನ ಪ್ರಥಮ್ ಬುಕ್ಸ್ ಓದಿನ ನಾಲ್ಕು ಹಂತಗಳಲ್ಲಿ ಪುಸ್ತಕ ಮಾಡುತ್ತದೆ. 2015ರಲ್ಲಿ ಅದು ತೆರೆದ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಕನ್ನಡ, ಮರಾಠಿ, ಉರ್ದು, ಕೊಂಕಣಿಗಳಲ್ಲಿ ಸಿಗುತ್ತದೆ, ಅಚ್ಚು ಹಾಕಿಕೊಳ್ಳಲು ಅಡ್ಡಿಯಿಲ್ಲ. ಪಟ್ಟಣದಲ್ಲಿ ಕರೆಂಟು ಇದ್ದಾಗ ಮುದ್ರಿಸಿ ಹೊಲಿದು ಟ್ರಂಕಿಗೆ ಹಾಕಿದರೆ ಮಳೆಗಾಲದ ಹಳ್ಳಿಗೆ ಡಿಜಿಟಲ್ ಗ್ರಂಥಾಲಯ ತಲುಪಿದ ಹಾಗೆಯೇ ಆಯಿತು. ‘ಅಮ್ಮನಿಗಾಗಿ ಒಂದು ಪುಸ್ತಕ’ ಎಂದು ಒಯ್ಯುವ ಮಗುವಿನ ತಾಯಿ ಮರಾಠಿ ಓದುವವಳಾದರೆ ಅವಳಿಗೆ ಮರಾಠಿಯದೇ ಸಿಗಬೇಕು. ಸಾನೆ ಗುರೂಜಿಯವರ ‘ಶ್ಯಾಮಚೀ ಆಯಿ’ ಖಾನಾಪುರದ ಸರಕಾರಿ ಕಪಾಟಿನಲ್ಲಿ ಇದ್ದರೆ ಕನ್ನಡಕ್ಕೆ ಕುಂದಿಲ್ಲ. ಗ್ರಂಥಾಲಯವನ್ನು ನಂಬಿ ಬಂದ ಮನೆಯ ಮಗುವೇ ನಾಳೆ ಕನ್ನಡದ ಪುಸ್ತಕಕ್ಕೂ ಕೈ ಚಾಚುತ್ತದೆ. ಇದನ್ನು ಗಡಿಯಲ್ಲಿ ಇದ್ದವರು ಬೆಂಗಳೂರಿನವರಿಗಿಂತ ಚೆನ್ನಾಗಿ ಬಲ್ಲರು.

ಪಂಚಾಯಿತಿ ಸದಸ್ಯರಲ್ಲಿ, ಎಸ್‌ಡಿಎಂಸಿಯವರಲ್ಲಿ, ಈ ಸಂಚಿಕೆಯ ಓದುಗರಲ್ಲಿ ಒಂದು ವಿನಂತಿ. ಮಕ್ಕಳ ಪುಸ್ತಕ ಹರಿದರೆ, ಕಳೆದರೆ ಅದನ್ನು ಮೇಲ್ವಿಚಾರಕರ ಮೇಲೆ ಹೊರಿಸದಂತೆ ಸಭೆಯಲ್ಲಿ ಒಂದು ಠರಾವು ಮಾಡಿ. ಪುಸ್ತಕ ದಾನ ಮಾಡುವವರು ಮನೆಯ ಹಳೆಯ ಗೈಡು, ಕ್ಯಾಲೆಂಡರು, ಓದಿ ಮುಗಿದ ಪಠ್ಯ ಕಳಿಸಬೇಡಿ. ನಿಮ್ಮ ಮೊಮ್ಮಗುವಿಗೆ ಕೊಂಡುಕೊಡುವಂಥ ಪುಸ್ತಕವನ್ನೇ ಎರಡು ಪ್ರತಿ ಕೊಳ್ಳಿ, ಒಂದು ಮನೆಗೆ, ಒಂದು ಗ್ರಂಥಾಲಯಕ್ಕೆ. ಕನ್ನಡದ್ದು ಕೊಡಿ, ಮರಾಠಿಯದು ಕೊಡಿ, ಉರ್ದುವಿನದು ಸಿಕ್ಕರೆ ಅದನ್ನೂ ಕೊಡಿ. ಮೇ ತಿಂಗಳ ಕೊನೆಯೊಳಗೆ ಖಾನಾಪುರಕ್ಕೆ ಮುಟ್ಟಿಸಿ. ಮಿರಗ ಕೂಡಿದ ಮೇಲೆ ಕಣಕುಂಬಿ, ಹೆಮ್ಮಡಗಾ ಕಡೆಯ ಹಳ್ಳಿಗಳಿಗೆ ಟ್ರಂಕು ಒಯ್ಯುವುದು ಕಷ್ಟ.